ಶುಶ್ರೂಷೆ: ಹೊರುವುದೋ, ನಡೆಸುವುದೋ?

ಹೃದಯಾಘಾತದಿಂದ ಚೇತರಿಸಿಕೊಂಡ ಹಿರಿಯರೊಬ್ಬರು ಆಸ್ಪತ್ರೆಯಿಂದ ಮರಳಿದಾಗ ಮನೆಮಂದಿಯೆಲ್ಲ ಅವರ ಸುತ್ತ ನೆರೆಯುತ್ತಾರೆ. ಮಹಡಿಯ ಹಾಸಿಗೆ ನಡುಮನೆಗೆ ಇಳಿಯುತ್ತದೆ. ನೀರಿನ ಲೋಟ ಕೈಗೇ ಬರುತ್ತದೆ. ಅಂಗಡಿಯ ಬೀಗದಕೈ ಮಗನ ಜೇಬು ಸೇರುತ್ತದೆ. "ನೀವು ಏನೂ ಮಾಡಬೇಡಿ ಅಪ್ಪಾಜಿ, ಸುಮ್ಮನೆ ಕುಳಿತಿರಿ" ಎಂಬ ಮಾತು ದಿನಕ್ಕೆ ಹತ್ತು ಬಾರಿ ಕೇಳಿಬರುತ್ತದೆ. ಆ ಮಾತಿನಲ್ಲಿ ಪ್ರೀತಿಯಿದೆ, ಭಯವೂ ಇದೆ. ಕೆಲವು ದಿನಗಳ ಬಳಿಕ ಅದೇ ಹಿರಿಯರು ಆಸ್ಪತ್ರೆಯ ಪುನಶ್ಚೇತನ ವಿಭಾಗಕ್ಕೆ ಹೋದರೆ ಅಲ್ಲಿಯ ದಾದಿ ಹೇಳುವುದು ಇದಕ್ಕೆ ತೀರ ವಿರುದ್ಧ: "ಏಳಿ ಯಜಮಾನರೇ, ಇನ್ನೆರಡು ಸುತ್ತು ನಡೆಯಿರಿ." ಕೂರಿಸುವ ಮಗನೂ ಕರುಣಾಳು; ನಡೆಸುವ ದಾದಿಯೂ ಕರುಣಾಳು. ಇವೆರಡರಲ್ಲಿ ನಿಜವಾದ ಶುಶ್ರೂಷೆ ಯಾವುದು? ಏದುಸಿರು ಬಿಡುತ್ತಿರುವವರನ್ನು ಮತ್ತೂ ನಡೆಸಿದರೆ ಅವರಿಗೆ ನೋವು ಕೊಟ್ಟಂತಾಗದೆ? ಅಹಿಂಸೆಯನ್ನು ನಂಬಿದ ಮನೆಗಳಲ್ಲಿ ಈ ಪ್ರಶ್ನೆ ವಿಚಾರಯೋಗ್ಯವಾದುದು.

ವೈದ್ಯಶಾಸ್ತ್ರವೂ ಬಹುಕಾಲ ಮಗನ ಪಕ್ಷದಲ್ಲಿಯೇ ಇತ್ತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಮಲಗಿದಲ್ಲಿಯೇ ಇರಿಸುವ ಪದ್ಧತಿಯಿತ್ತು. ಅದರಿಂದ ಸ್ನಾಯುಗಳು ಕೃಶವಾಗುತ್ತಿದ್ದವು. ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸರಿದು ಪ್ರಾಣ ಕಳೆದುಕೊಂಡವರೂ ಇದ್ದರು. 1952ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ಇಂಥ ರೋಗಿಗಳನ್ನು ಬೇಗನೆ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವ ವಿಧಾನವನ್ನು ಪ್ರಕಟಿಸಿದರು. ಹಾಸಿಗೆಯಿಂದ ಕುರ್ಚಿಗೆ ಬರುವುದೇ ಆಗ ದೊಡ್ಡ ಸಾಹಸವೆನಿಸಿತ್ತು. 1960ರ ದಶಕದಲ್ಲಿ ಡೆನ್ವರ್ ನಗರದ ವೈದ್ಯ ಥಾಮಸ್ ಪೆಟಿ ದೀರ್ಘಕಾಲದ ಶ್ವಾಸಕೋಶ ರೋಗಿಗಳಿಗೆ ಜೊತೆಯಲ್ಲಿ ಒಯ್ಯಬಹುದಾದ ಆಮ್ಲಜನಕವನ್ನು ಕೊಟ್ಟು ನಡಿಗೆಯ ಅಭ್ಯಾಸ ಮಾಡಿಸಿದರು. ಇಂದು ಹೃದಯ ಮತ್ತು ಶ್ವಾಸಕೋಶಗಳ ಪುನಶ್ಚೇತನವು ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಈ ಕಾರ್ಯದಲ್ಲಿ ವೈದ್ಯರು, ಅಂಗಸಾಧಕರು, ಆಹಾರತಜ್ಞರು ಎಲ್ಲರೂ ಇರುತ್ತಾರಾದರೂ ದಿನದಿನವೂ ರೋಗಿಯ ಎದುರು ನಿಲ್ಲುವವಳು ಬಹುಮಟ್ಟಿಗೆ ದಾದಿಯೇ.

ಆಕೆಯ ಕೆಲಸದ ಸ್ವರೂಪವನ್ನು ತಿಳಿಯಲು ಆರು ನಿಮಿಷಗಳ ನಡಿಗೆ ಪರೀಕ್ಷೆಯನ್ನು ನೋಡಬಹುದು. 30 ಮೀಟರ್ ಉದ್ದದ ಸಮತಟ್ಟಾದ ಪಡಸಾಲೆ. ಎರಡು ತುದಿಗಳಲ್ಲಿ ಗುರುತು. ಆರು ನಿಮಿಷಗಳಲ್ಲಿ ರೋಗಿ ತನಗೆ ಸಾಧ್ಯವಾದಷ್ಟು ದೂರ ನಡೆಯಬೇಕು. ದಣಿವಾದರೆ ನಿಲ್ಲಬಹುದು, ಗೋಡೆಗೆ ಒರಗಬಹುದು. ಆದರೆ ಗಡಿಯಾರ ನಿಲ್ಲುವುದಿಲ್ಲ. ದಾದಿ ಸಾಮಾನ್ಯವಾಗಿ ರೋಗಿಯ ಜೊತೆಗೆ ಹೆಜ್ಜೆ ಹಾಕಕೂಡದು. ಏಕೆಂದರೆ ಇನ್ನೊಬ್ಬರ ಹೆಜ್ಜೆ ರೋಗಿಯ ವೇಗವನ್ನು ಬದಲಿಸಿಬಿಡುತ್ತದೆ. ಹುರಿದುಂಬಿಸುವ ಮಾತನ್ನೂ ನಿಮಿಷಕ್ಕೊಮ್ಮೆ, ಗೊತ್ತುಪಡಿಸಿದ ನುಡಿಯಲ್ಲಿ, ಸಮಸ್ವರದಲ್ಲಿ ಆಡಬೇಕು. ಓಡಿ ಹೋಗಿ ತೋಳು ಹಿಡಿಯಬೇಕೆಂಬ ಹಂಬಲ ಮನಸ್ಸಿನಲ್ಲಿ ಎದ್ದರೂ ಆಕೆ ಗುರುತಿನ ಬಳಿ ನಿಂತು ಕಣ್ಣಿಟ್ಟು ನೋಡುತ್ತಾಳೆ. ಈ ನಿಲುವಿನಲ್ಲಿ ಒಂದು ಸಂಯಮವಿದೆ.

ಆದರೂ ಮೊದಲಿನ ಸಂದೇಹ ಉಳಿಯುತ್ತದೆ. ದುಃಖವನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಕನ್ನಡ ನಾಡಿನ ಮಹಾನ್ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಸೂತ್ರವನ್ನು ವಿವರಿಸುವಾಗ ಇದೇ ಬಗೆಯ ಆಕ್ಷೇಪವನ್ನು ಎತ್ತಿಕೊಂಡು, ಮುನಿಯ ಮೈಮೇಲಿನ ಹುಣ್ಣನ್ನು ಸೀಳುವ ಕರುಣಾಶಾಲಿಯ ದೃಷ್ಟಾಂತವನ್ನು ಕೊಡುತ್ತಾರೆ. ಅವನು ನೋವಿಗೆ ಬಾಹ್ಯ ನಿಮಿತ್ತನಾದರೂ ಅವನ ಆಶಯದಲ್ಲಿ ಕ್ರೋಧಾದಿಗಳಿಲ್ಲದ ಕಾರಣ ಅವನಿಗೆ ಪಾಪಬಂಧವಿಲ್ಲ. ದಾದಿಯ ವಿಷಯಕ್ಕೂ ಈ ನ್ಯಾಯ ಅನ್ವಯಿಸುತ್ತದೆ. ಆದರೆ ಸದಾಶಯವೊಂದೇ ಸಾಲದು. ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ ಮೊದಲ ಸ್ಥಾನವಿದೆ. ನಡೆಸುವವಳು ಕ್ಷಣಕಾಲ ಮೈಮರೆತರೂ ಕರುಣೆ ಕ್ರೌರ್ಯವಾದೀತು.

ಆದುದರಿಂದಲೇ ಆಕೆ ಸದಾ ಜಾಗರೂಕಳಾಗಿರಬೇಕು. ಎದೆನೋವು, ತಲೆಸುತ್ತು, ತಣ್ಣನೆಯ ಬೆವರು, ಇ.ಸಿ.ಜಿ. ಪರದೆಯ ಮೇಲೆ ಬಡಿತದ ಲಯ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಅಭ್ಯಾಸ ಅಲ್ಲಿಗೆ ನಿಲ್ಲಬೇಕು. ಬೆರಳಿಗೆ ಸಿಕ್ಕಿಸಿದ ಉಪಕರಣದಲ್ಲಿ ರಕ್ತದ ಆಮ್ಲಜನಕ ಶೇಕಡಾ 88ಕ್ಕಿಂತ ಕೆಳಗಿಳಿದರೆ ರೋಗಿಯನ್ನು ಕೂರಿಸಬೇಕು, ಇಲ್ಲವೆ ಆಮ್ಲಜನಕ ಒದಗಿಸಬೇಕು. ಯಂತ್ರಗಳು ಹೇಳದಿರುವುದೂ ಉಂಟು. ಹೃದಯ ಬಡಿತವನ್ನು ತಗ್ಗಿಸುವ ಔಷಧಿ ಸೇವಿಸುವವರಲ್ಲಿ ನಾಡಿಯೊಂದನ್ನೇ ನೋಡಿ ಶ್ರಮವನ್ನು ಅಳೆಯಲಾಗದು. ಆಗ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ, 6ರಿಂದ 20ರವರೆಗಿನ ಅಂಕಗಳುಳ್ಳ ಪಟ್ಟಿಯನ್ನು ತೋರಿಸಿ, "ನಿಮಗೆ ಎಷ್ಟು ಕಷ್ಟವೆನಿಸುತ್ತಿದೆ?" ಎಂದು ಕೇಳುತ್ತಾಳೆ. ರೋಗಿಯ ಉತ್ತರವೇ ಅಲ್ಲಿ ಪ್ರಮಾಣ. ಶುಶ್ರೂಷೆ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಕೇಳುವ ಇಚ್ಛೆ. ಆ ಅರ್ಥ ಇಲ್ಲಿ ಸಾರ್ಥಕವಾಗುತ್ತದೆ.

ಶ್ವಾಸಕೋಶದ ರೋಗಿಗಳ ನಡುವೆ ಆಕೆಯ ಸತ್ಯವ್ರತಕ್ಕೂ ಪರೀಕ್ಷೆಯುಂಟು. ಬೀಡಿ ಸಿಗರೇಟು ಸೇದಿದವರು ಮಾತ್ರವಲ್ಲ, ಸೌದೆ ಒಲೆಯ ಹೊಗೆಯಲ್ಲಿ ಆಯುಷ್ಯ ಕಳೆದ ತಾಯಂದಿರೂ ಅಲ್ಲಿಗೆ ಬರುತ್ತಾರೆ. "ನನ್ನ ಶ್ವಾಸಕೋಶ ಸರಿಹೋಗುತ್ತದೆಯೇ?" ಎಂದು ಅವರು ಕೇಳಿದರೆ ಹೌದೆನ್ನುವಂತಿಲ್ಲ, ಈ ಅಭ್ಯಾಸದಿಂದ ಹಾಳಾದ ಶ್ವಾಸಕೋಶ ಹೊಸತಾಗುವುದಿಲ್ಲ. ಆದರೆ ಕಾಲಿನ ಸ್ನಾಯುಗಳು ಬಲಗೊಳ್ಳುತ್ತವೆ. ಮೂಗಿನಿಂದ ಉಸಿರೆಳೆದು, ತುಟಿ ಕಿರಿದುಮಾಡಿ ಅದರ ಎರಡರಷ್ಟು ಹೊತ್ತು ಮೆಲ್ಲನೆ ಬಿಡುವುದು ರೂಢಿಯಾಗುತ್ತದೆ. ಏದುಸಿರು ಬಂದೊಡನೆ ಹುಟ್ಟುವ ಗಾಬರಿ ತಗ್ಗುತ್ತದೆ. ಮೂಲಧನ ಹೆಚ್ಚದೆಯೂ ಜಾಣತನದಿಂದ ವ್ಯಾಪಾರ ಸುಧಾರಿಸಿದಂತೆ, ಇರುವ ಉಸಿರಿನಲ್ಲಿಯೇ ಅವರು ಮತ್ತೆ ಸ್ನಾನ ಮಾಡಬಲ್ಲರು, ಅಡುಗೆಮನೆಯಲ್ಲಿ ನಿಲ್ಲಬಲ್ಲರು. ಸುಳ್ಳು ಭರವಸೆ ಕೊಡದೆ ನಿಜವಾದ ಆಸೆಯನ್ನು ಉಳಿಸುವುದು ಸುಲಭದ ವಿದ್ಯೆಯಲ್ಲ. ಕಫದ ಬಟ್ಟಲನ್ನು ಮುಖ ಸಿಂಡರಿಸದೆ ಎತ್ತುವುದೂ ಸುಲಭವಲ್ಲ. ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾದ ಉದ್ದಾಯನ ರಾಜನ ಕಥೆಯನ್ನು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಶ್ವಾಸಕೋಶದ ಅಭ್ಯಾಸಕ್ರಮ ಸಾಮಾನ್ಯವಾಗಿ 8ರಿಂದ 12 ವಾರಗಳದು. ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಹೃದಯ ರೋಗಿಗಳೂ ಹೀಗೆಯೇ ವಾರಗಟ್ಟಲೆ ಹೋಗಿಬರಬೇಕು. ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆ: ಕರೆದೊಯ್ಯುವವರಿಲ್ಲ, ವಾಹನವಿಲ್ಲ, ಅಥವಾ ಮನೆಯವರಿಗೇ ಹೆದರಿಕೆ. ವೈಯಾವೃತ್ತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಸಮಾಜಕ್ಕೆ ಇಲ್ಲಿ ಮಾಡಬೇಕಾದುದು ಬೇಕಾದಷ್ಟಿದೆ. ಬಸದಿಯ ಮೆಟ್ಟಿಲುಗಳ ಮಗ್ಗುಲಲ್ಲಿ ಒಂದು ಕಂಬಿ, ನಡುವೆ ಕೂರಲು ಒಂದು ಕಲ್ಲುಹಾಸು, ವಾರಕ್ಕೆರಡು ದಿನ ಆಸ್ಪತ್ರೆಗೆ ಹೋಗಿಬರುವ ಒಂದು ವಾಹನ. ಟ್ರಸ್ಟುಗಳಿಗೆ ಇವು ಭಾರವಾಗಲಾರವು. ಮನೆಯವರು ಮಾಡಬೇಕಾದುದು ಇನ್ನೂ ಕಷ್ಟದ್ದು. ಪ್ರೀತಿಯೊಳಗೆ ಅಡಗಿರುವ ಮೋಹವನ್ನು ಅವರು ಗುರುತಿಸಬೇಕು. ವೈದ್ಯರು ಅನುಮತಿಸಿದ ಕೆಲಸವನ್ನು ಹಿರಿಯರ ಕೈಯಿಂದ ಕಿತ್ತುಕೊಳ್ಳುವಾಗ ತಣಿಯುವುದು ಅವರ ಆಯಾಸವೋ, ನಮ್ಮ ಭಯವೋ ಎಂದು ಒಮ್ಮೆ ಕೇಳಿಕೊಳ್ಳಬೇಕು.

"ನಿಮಗೆ ಮತ್ತೆ ಏನು ಮಾಡಬೇಕೆಂಬ ಆಸೆ?" ಎಂದು ದಾದಿ ಮೊದಲ ದಿನವೇ ಕೇಳುವುದುಂಟು. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ ಗೊಮ್ಮಟಸ್ವಾಮಿಯ ದರ್ಶನ ಮಾಡಬೇಕೆಂದು ಒಬ್ಬರು ಹೇಳಿಯಾರು. ಅದು ಕೈಗೂಡಬಹುದು; ಇಲ್ಲವೆ ಊರ ಬಸದಿಯ ಹನ್ನೆರಡು ಮೆಟ್ಟಿಲುಗಳಿಗೇ ಅವರು ತೃಪ್ತರಾಗಬೇಕಾಗಬಹುದು. ಯಾವುದಾದರೂ ಆಗಲಿ, ಆ ಮೆಟ್ಟಿಲುಗಳನ್ನು ಅವರು ತಮ್ಮ ಕಾಲಿನಿಂದಲೇ ಏರಬೇಕು. ಪಡಸಾಲೆಯ ಗುರುತಿನ ಬಳಿ ದಾದಿ ನಿಲ್ಲುವಷ್ಟು ದೂರದಲ್ಲಿ, ಆಕೆಯಷ್ಟೇ ಎಚ್ಚರದಿಂದ, ಮಗನೂ ನಿಲ್ಲಲು ಕಲಿತರೆ ಮನೆಯ ಶುಶ್ರೂಷೆ ಪೂರ್ಣವಾಗುತ್ತದೆ.