ಕತ್ತಲಲ್ಲೂ ಕರ್ತನನ್ನೇ ಕೂಗಿರಿ

ಇವತ್ತಿನ ವಾಕ್ಯಭಾಗ ಕೀರ್ತನೆ 88 ಮತ್ತು ಯೋಹಾನ 11. ಬೈಬಲ್ ತೆರೆದಿಟ್ಟುಕೊಳ್ಳಿ.

ಯೂತ್‌ನಲ್ಲಿ ಕೆಲವರು ಕೇಳಿದ್ರಿ: "ಬ್ರದರ್, ಇವಾನೆಸೆನ್ಸ್ ಬ್ಯಾಂಡಿನ ‘ಫಾಲನ್’ ಆಲ್ಬಂ ಕೇಳಬಹುದಾ? ಪಾಪನಾ?" ಉತ್ತರ ಹೇಳೋ ಮುಂಚೆ ಅದೇನು ಅಂತ ನೋಡೋಣ.

ಅಮೆರಿಕದ ಲಿಟಲ್ ರಾಕ್ ಊರಿನ ಬ್ಯಾಂಡ್ ಅದು. ಗಾಯಕಿ ಆಮಿ ಲೀ, ಗಿಟಾರಿಸ್ಟ್ ಬೆನ್ ಮೂಡಿ ಮೊದಲು ಭೇಟಿಯಾದದ್ದೇ ಒಂದು ಕ್ರಿಶ್ಚಿಯನ್ ಯೂತ್ ಕ್ಯಾಂಪಿನಲ್ಲಿ. 2003ರ ಮಾರ್ಚ್‌ನಲ್ಲಿ ‘ಫಾಲನ್’ ಬಂತು. ಗೋಥಿಕ್ ಮೆಟಲ್‌ನ ಭಾರವಾದ ಗಿಟಾರ್, ಪಿಯಾನೋ, ಎಲ್ಲದರ ಮೇಲೆ ಎದ್ದು ಕೇಳುವ ಆಮಿಯ ಧ್ವನಿ. ಮರುವರ್ಷ ಬ್ಯಾಂಡಿಗೆ ಎರಡು ಗ್ರ್ಯಾಮಿ. ಮೊದಮೊದಲು ಕ್ರಿಶ್ಚಿಯನ್ ಪುಸ್ತಕದಂಗಡಿಗಳಲ್ಲೂ ಆಲ್ಬಂ ಸಿಗ್ತಿತ್ತು. ತಮಗೆ ಆ ಹಣೆಪಟ್ಟಿ ಬೇಡ ಅಂತ ಅವರು ಒಂದು ಪತ್ರಿಕೆಗೆ ಹೇಳಿದ ಮೇಲೆ, ಏಪ್ರಿಲ್‌ನಲ್ಲಿ ರೆಕಾರ್ಡ್ ಕಂಪನಿಯೇ ಆ ಅಂಗಡಿಗಳಿಂದ ವಾಪಸ್ ತರಿಸಿತು.

ಹಾಗಾಗಿ ಇದು ಆರಾಧನೆಯ ಹಾಡು ಅಂತ ಯಾರೂ ಹೇಳಲ್ಲ. ಆದರೆ ಅದರಲ್ಲಿ ‘ಹಲೋ’ ಅನ್ನೋ ಹಾಡಿದೆ. ಆಮಿ ಚಿಕ್ಕ ಹುಡುಗಿಯಾಗಿದ್ದಾಗ, 1987ರಲ್ಲಿ, ಪುಟ್ಟ ತಂಗಿ ತೀರಿಕೊಂಡಳು. ಎಷ್ಟೋ ವರ್ಷದ ಮೇಲೆ ಆ ದುಃಖವೇ ಹಾಡಾಯಿತು.

ಪ್ರಿಯರೇ, ನನ್ನ ಪ್ರಶ್ನೆ ಬೇರೆ. ಅಪ್ಪನನ್ನು ಕಳಕೊಂಡ ತಮ್ಮ, ಅಕ್ಕನನ್ನು ಕಳಕೊಂಡ ತಂಗಿ, ಭಾನುವಾರ ಸಭೆಯಲ್ಲಿ ಚಪ್ಪಾಳೆ ತಟ್ಟಿ ಹಾಡ್ತಾರೆ. ರಾತ್ರಿ ಪಿಜಿ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಅಳ್ತಾರೆ. ಆ ಅಳುವಿಗೆ ಸಭೆಯಲ್ಲಿ ಜಾಗ ಯಾಕಿಲ್ಲ? "ಅಳಬೇಡ, ವಿಶ್ವಾಸ ಇಡು" ಅನ್ನೋ ಮಾತು ನಮ್ಮ ಬಾಯಿಗೆ ಬೇಗ ಬರುತ್ತೆ, ಅದಕ್ಕೆ.

ದೇವರ ವಾಕ್ಯಕ್ಕೆ ಅಷ್ಟು ಅವಸರ ಇಲ್ಲ. ಎಷ್ಟೋ ಶೋಕದ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ಕತ್ತಲಲ್ಲೇ ಮುಗಿಯುತ್ತೆ. ಆದ್ರೂ ದೇವರು ಅದನ್ನು ಬೈಬಲಿನಿಂದ ವಾಪಸ್ ತರಿಸಲಿಲ್ಲ! ಯಾಕೆ? ಆ ಭಕ್ತ ಕತ್ತಲಲ್ಲಿ ಕೂತೂ ಹಗಲುರಾತ್ರಿ ದೇವರನ್ನೇ ಕೂಗಿದ. ಅದೂ ಪ್ರಾರ್ಥನೆಯೇ.

ಬೇಥಾನ್ಯದಲ್ಲಿ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿತ್ತು. ಅವನನ್ನು ಎಬ್ಬಿಸ್ತೀನಿ ಅಂತ ಯೇಸುಸ್ವಾಮಿಗೆ ಗೊತ್ತಿತ್ತು. ಆದ್ರೂ ಮರಿಯಳು ಅಳುವುದನ್ನು ನೋಡಿ ತಾವೂ ಅತ್ತರು. ಮೊದಲು ಕಣ್ಣೀರು, ಆಮೇಲೆ ಅದ್ಭುತ. ಹಲ್ಲೆಲೂಯಾ!

ಈಗ ಉತ್ತರ. ಹಾಡು ನಿಮ್ಮ ನೋವಿಗೆ ಮಾತು ಕೊಡಬಹುದು, ಸಮಾಧಿಯ ಕಲ್ಲು ಸರಿಸಲಾರದು. ಕೇಳ್ತಾ ಕಣ್ಣು ತುಂಬಿದರೆ ಅಲ್ಲೇ ನಿಲ್ಲಬೇಡಿ. ಇಯರ್‌ಫೋನ್ ತೆಗೆದು ಅದೇ ನೋವನ್ನು ನಿಮ್ಮ ಮಾತಲ್ಲೇ ಕರ್ತನಿಗೆ ಹೇಳಿ. ಬದುಕೇ ಬೇಡ ಅನ್ನಿಸುವ ಕಡೆಗೆ ಮನಸ್ಸು ಎಳೆದರೆ, ಹಾಡು ನಿಲ್ಲಿಸಿ ಆ ರಾತ್ರಿಯೇ ಯಾರಿಗಾದರೂ ಫೋನ್ ಮಾಡಿ. ಒಬ್ಬರೇ ಇರಬೇಡಿ. ಫೋನ್ ಎತ್ತಿದವರು ಬುದ್ಧಿ ಹೇಳೋಕೆ ಹೋಗಬೇಡಿ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಅವನ ಪಕ್ಕ ಕೂತಿದ್ದರಲ್ಲ, ಹಾಗೆ ಕೂತ್ಕೊಳ್ಳಿ.

ಪ್ರಾರ್ಥಿಸೋಣ. ಕರ್ತನೇ, ಸಮಾಧಿಯ ಮುಂದೆ ಅತ್ತವನೇ, ಈ ವಾರ ಒಂಟಿಯಾಗಿ ಅಳುವವರ ಪಕ್ಕ ನಮ್ಮನ್ನು ಕೂರಿಸು. ಆಮೆನ್.