ಸ್ಟ್ರಾಲರಿಗೆ ದಾರಿ ಬಿಡಬೇಕೆ?

‘ಮಗು ಹೆತ್ತವರು ನೀವು, ವಿದೇಶಕ್ಕೆ ಹೊರಟವರೂ ನೀವೇ. ನಾವೇಕೆ ಕಾಯಬೇಕು?’ ವಿಮಾನ ಹತ್ತುವ ಸಾಲಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕೂಸಿರುವವರು ಮೊದಲು ಬನ್ನಿ ಎಂದು ಕರೆದಾಗ, ಸ್ಟ್ರಾಲರ್ ತಳ್ಳಿಕೊಂಡು ಸಾಲು ದಾಟುವವರ ಬೆನ್ನಿಗೆ ಆ ಪ್ರಶ್ನೆ ತಾಗುತ್ತದೆ. ಹತ್ತು ತಿಂಗಳ ಮಗಳೊಂದಿಗೆ ಬೆಂಗಳೂರಿನಿಂದ ಲಂಡನ್ನಿಗೆ ಹೊರಟಾಗ ನನಗೂ ತಾಗಿತ್ತು. ಕೋಪ ಬರಲಿಲ್ಲ. ನ್ಯಾಯವಾದ ಪ್ರಶ್ನೆಯೇ ಅದು, ಉತ್ತರ ಹುಡುಕಬೇಕು ಅನ್ನಿಸಿತು.

ಕನ್ನಡದಲ್ಲಿ ತಳ್ಳುಗಾಡಿ ಎಂದರೆ ಕಣ್ಣೆದುರು ಬರುವುದು ಸೊಪ್ಪು ಮಾರುವವರ ಗಾಡಿ. ಮಗುವಿನದಕ್ಕೆ ನಾವು ಹೆಸರಿಡಲೇ ಇಲ್ಲ, ಬಹುಶಃ ಬೇಕಾಗಲೂ ಇಲ್ಲ. ಕೂಸುಗಳು ಸೊಂಟದ ಮೇಲೆ ಬೆಳೆದವು. ಅಜ್ಜಿ, ಅತ್ತೆ, ಪಕ್ಕದ ಮನೆಯ ಹುಡುಗಿ, ಹೀಗೆ ಸೊಂಟಗಳು ಬದಲಾಗುತ್ತಿದ್ದವು. ಎತ್ತಿಕೊಳ್ಳಲು ಒಬ್ಬರೇ ಇದ್ದಾಗ ಗಾಡಿ ಬೇಕಾಗುತ್ತದೆ. ಕೊಡೆಯಂತೆ ಮಡಚುವ ಹಗುರ ಸ್ಟ್ರಾಲರನ್ನು 1965ರಲ್ಲಿ ರೂಪಿಸಿದ ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್ ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದವರು. ವಿಮಾನದ ವಿದ್ಯೆಯಿಂದ ಹುಟ್ಟಿದ ಈ ಗಾಡಿ ವಿಮಾನದ ಬಾಗಿಲಲ್ಲೇ ನಮ್ಮ ಕೈಬಿಡುತ್ತದೆ.

ಅನೇಕ ವಿಮಾನ ಸಂಸ್ಥೆಗಳು ಇದಕ್ಕೆ ಹಣ ಕೇಳುವುದಿಲ್ಲ. ಟ್ಯಾಗ್ ಕಟ್ಟುತ್ತಾರೆ, ತಪಾಸಣೆಯಲ್ಲಿ ಮಡಚಿ ಎಕ್ಸ್‌ರೇಗೆ ಹಾಕಬೇಕು, ವಿಮಾನದ ಬಾಗಿಲ ಬಳಿ ಬಿಟ್ಟರೆ ಕೆಳಗೆ ಸರಕಿನ ಜೊತೆ ಹೋಗುತ್ತದೆ. ಇಳಿದಾಗ ಬಾಗಿಲಲ್ಲೇ ಸಿಗಬಹುದು, ಬೆಲ್ಟಿಗೂ ಹೋಗಬಹುದು. ನನ್ನದು ಬೆಲ್ಟಿಗೆ ಹೋಯಿತು. ಇಮಿಗ್ರೇಷನ್ ಸಾಲು ಮುಗಿಯುವವರೆಗೆ ಒಂಬತ್ತು ಕೆ.ಜಿ.ಯ ಮಗಳು ನನ್ನ ಎಡತೋಳಿನಲ್ಲಿ, ಬಲಗೈಯಲ್ಲಿ ಅವಳದೇ ಪಾಸ್‌ಪೋರ್ಟು. ವಿಚಿತ್ರ ನೋಡಿ, ಎರಡು ವರ್ಷ ತುಂಬದ ಮಗುವಿಗೆ ಪಾಸ್‌ಪೋರ್ಟಿದೆ, ಟಿಕೆಟ್ಟೂ ಇದೆ, ಸೀಟಿಲ್ಲ. ಭಾರತವೂ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದ ಕಣ್ಣಿನಲ್ಲಿ ಅವಳ ಗಾಡಿ ಬರೀ ಬ್ಯಾಗೇಜು. ಮುರಿದು ಬಂದರೆ ಏಳು ದಿನದೊಳಗೆ ಬರೆದು ದೂರಬೇಕು. ನಡೆಯಲಾಗದವರ ಗಾಲಿಕುರ್ಚಿಯೂ ಅಲ್ಲಿ ಬ್ಯಾಗೇಜೇ. ಕಾಲನ್ನು ಸಾಮಾನಿನ ಪಟ್ಟಿಗೆ ಸೇರಿಸಿದ ಹಾಗಾಯಿತು.

‘ನಿಮ್ಮ ಆಯ್ಕೆ’ ಎಂಬ ವಾದಕ್ಕೆ ಬರೋಣ. ಆಯ್ಕೆ ನನ್ನದು, ನಿಜ. ಆದರೆ ದಾರಿ ಕೇಳುತ್ತಿರುವುದು ನಾನಲ್ಲ, ಮಗು. ಅದು ಹುಟ್ಟನ್ನೂ ಆರಿಸಲಿಲ್ಲ, ಲಂಡನ್ನನ್ನೂ ಆರಿಸಲಿಲ್ಲ. ನನ್ನ ಆಯ್ಕೆಯ ಶಿಕ್ಷೆ ಅದಕ್ಕೆ ಯಾಕೆ? ಸಾಲಿನಲ್ಲಿರುವವರು ಕಳೆದುಕೊಳ್ಳುವುದು ಎರಡು ನಿಮಿಷ. ಈ ಉತ್ತರ ನನಗೆ ಸಾಕೆನಿಸಿತ್ತು, ಒಂದು ಮೊಕದ್ದಮೆಯ ಬಗ್ಗೆ ಓದುವವರೆಗೆ.

2012ರಲ್ಲಿ ಇಂಗ್ಲೆಂಡಿನ ವೆದರ್‌ಬಿಯಿಂದ ಲೀಡ್ಸ್‌ಗೆ ಹೋಗುವ ಬಸ್ಸು ಹತ್ತಲು ಗಾಲಿಕುರ್ಚಿಯಲ್ಲಿ ಡಗ್ ಪಾಲಿ ಬಂದರು. ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿ ಸ್ಟ್ರಾಲರ್ ಇತ್ತು, ಅದರಲ್ಲಿ ಮಗು ಮಲಗಿತ್ತು. ಚಾಲಕ ಕೇಳಿಕೊಂಡ. ಗಾಡಿ ಮಡಚಲಾಗದು ಎಂದು ತಾಯಿ ಸರಿಯಲಿಲ್ಲ. ಪಾಲಿ ಮುಂದಿನ ಬಸ್ಸಿಗೆ ಕಾದರು, ರೈಲು ತಪ್ಪಿತು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚಾಲಕ ಕೇಳಿ ಸುಮ್ಮನಾದರೆ ಸಾಲದು, ಸಕಾರಣವಿಲ್ಲದೆ ಸರಿಯದವರಿಗೆ ಇನ್ನಷ್ಟು ಒತ್ತಾಯ ಮಾಡಬೇಕು ಎಂದು 2017ರ ಜನವರಿಯಲ್ಲಿ ತೀರ್ಪಾಯಿತು. ಆದರೆ ಇಳಿಸಲೇಬೇಕು ಎನ್ನುವಷ್ಟು ದೂರ ಕೋರ್ಟು ಹೋಗಲಿಲ್ಲ.

ಇಲ್ಲೂ ಮಗು ಏನನ್ನೂ ಆರಿಸಿರಲಿಲ್ಲ. ಹಾಗಾದರೆ ನನ್ನ ವಾದ ಆ ತಾಯಿಯ ಪರವೂ ನಿಲ್ಲಬೇಕಲ್ಲ? ನನ್ನ ಮಟ್ಟಿಗೆ ನಿಲ್ಲುವುದಿಲ್ಲ. ಮಲಗಿದ ಮಗುವನ್ನು ಎಬ್ಬಿಸುವ ಕಷ್ಟ ಗೊತ್ತಿದ್ದೇ ಹೇಳುತ್ತೇನೆ, ಅವರು ಸರಿಯಬೇಕಿತ್ತು. ಮಗುವನ್ನು ಎತ್ತಿಕೊಳ್ಳಬಹುದು. ಪಾಲಿಯವರನ್ನು ಎತ್ತಿಕೊಳ್ಳುವವರಾರು? ಮಗು ನಿರಪರಾಧಿ ಎಂಬುದೊಂದೇ ದಾರಿ ಕೊಡಿಸುವುದಿಲ್ಲ. ಬೇರೆ ದಾರಿ ಎಷ್ಟಿದೆ ಎಂಬುದನ್ನೂ ನೋಡಬೇಕು. ತಲೆಯ ಮೇಲಿನ ಕಪಾಟಿಗೆ ಹಿಡಿಸುವಷ್ಟು ಚಿಕ್ಕದಾಗಿ ಮಡಚುವ ಸ್ಟ್ರಾಲರುಗಳು ಈಗ ಬಂದಿವೆ. ಜಾಗ ಸಾಲದೆ ಮುದುಕರೊಬ್ಬರ ಔಷಧಿಯ ಚೀಲ ಕೆಳಗೆ ಹೋಗಬೇಕಾದರೆ, ಹೋಗಬೇಕಾದದ್ದು ನನ್ನ ಗಾಡಿ. ಇನ್ನು ಸ್ಟ್ರಾಲರಿನಲ್ಲಿ ಡ್ಯೂಟಿ ಫ್ರೀ ಚೀಲಗಳನ್ನು ಕೂರಿಸಿ, ಐದು ವರ್ಷದ ಮಗನನ್ನು ಪಕ್ಕದಲ್ಲಿ ಓಡಿಸಿಕೊಂಡು ಸಾಲು ದಾಟುವವರೂ ಇದ್ದಾರೆ. ಅವರ ಬಗ್ಗೆ ತತ್ವಶಾಸ್ತ್ರ ಬೇಕಿಲ್ಲ.

ಇದನ್ನೆಲ್ಲ ಹೇಳಿದಾಗ ಗೆಳತಿಯೊಬ್ಬಳು ಕೇಳಿದಳು: ‘ಮಗುವಿನ ಹಕ್ಕಾದರೆ, ದಾರಿ ಬಿಟ್ಟವರಿಗೆಲ್ಲ ನೀನು ಥ್ಯಾಂಕ್ಸ್ ಯಾಕೆ ಹೇಳುತ್ತೀಯ?’ ವಿಮಾನ ಸಂಸ್ಥೆಗೆ ಹೇಳಬೇಕಿಲ್ಲ ಎಂದೆ. ಅದು ಮಗುವಿಗೆ ಟಿಕೆಟ್ಟು ಮಾರಿದೆ. ಸಾಲಿನಲ್ಲಿ ನಿಂತವರು ಏನನ್ನೂ ಮಾರಿಲ್ಲ. ಅವರು ಕೊಡುವುದು ಮಗುವಿಗೆ, ಮಗುವಿಗೆ ಇನ್ನೂ ಮಾತು ಬಾರದು, ಅದರ ಪರವಾಗಿ ನಾನು ಹೇಳುತ್ತೇನೆ. ಗೆಳತಿ ಒಪ್ಪಲಿಲ್ಲ.