ಬಿದ್ದವನಿಗೆ ಎರಡನೆಯ ಕರೆ

ದೀಕ್ಷಾಸ್ನಾನ ಹೊಂದಿ ಕೆಲವು ಕಾಲ ಉತ್ಸಾಹದಿಂದ ನಡೆದು, ಬಳಿಕ ಭಯದಿಂದಾಗಲಿ ಆಶೆಯಿಂದಾಗಲಿ ಎಡವಿ ಬಿದ್ದವರು ಗ್ರಾಮಸಭೆಗಳಲ್ಲಿ ಇಲ್ಲದಿಲ್ಲ. ಅಂಥವರಲ್ಲಿ ಅನೇಕರು ದೇವಾಲಯದ ಬಾಗಲ ಬಳಿಯಲ್ಲೇ ಕೂತು, ಕರ್ತನ ರಾತ್ರಿಭೋಜನಕ್ಕೆ ಬಾರದೆ, ಯಾವ ಸೇವೆಗೆ ಕರೆದರೂ ತಾವು ಯೋಗ್ಯರಲ್ಲವೆಂದು ಹಿಂಜರಿಯುವರು. ಇದು ದೀನತೆಯೋ, ಅಥವಾ ದೀನತೆಯ ವಸ್ತ್ರವನ್ನು ಹೊದ್ದುಕೊಂಡ ಅವಿಧೇಯತೆಯೋ?

ಮಾರ್ಕನೆನಿಸಿಕೊಂಡ ಯೋಹಾನನ ಚರಿತ್ರೆಯು ಇದಕ್ಕೆ ಬೆಳಕು ಕೊಡುತ್ತದೆ. ಯೆರೂಸಲೇಮಿನಲ್ಲಿ ಇವನ ತಾಯಿಯಾದ ಮರಿಯಳ ಮನೆಯು ವಿಶ್ವಾಸಿಗಳು ಕೂಡಿ ಪ್ರಾರ್ಥಿಸುವ ಸ್ಥಳವಾಗಿತ್ತು. ಇವನು ಬಾರ್ನಬನಿಗೂ ಪೌಲನಿಗೂ ಸಹಾಯಕನಾಗಿ ಹೊರಟನು. ಆದರೆ ಅವರು ಕುಪ್ರದ್ವೀಪವನ್ನು ಬಿಟ್ಟು ಪಂಫುಲ್ಯದ ಪೆರ್ಗೆಗೆ ಬಂದಾಗ ಇವನು ಅವರನ್ನಗಲಿ ಹಿಂತಿರುಗಿದನೆಂದು ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕಾರಣವನ್ನು ಶಾಸ್ತ್ರವು ಹೇಳುವದಿಲ್ಲ. ಎರಡನೆಯ ಪ್ರಯಾಣಕ್ಕೆ ಇವನನ್ನು ಕರಕೊಂಡು ಹೋಗಬೇಕೆಂದು ಬಾರ್ನಬನು ಹೇಳಿದಾಗ, ಕೆಲಸದ ನಡುವೆ ಬಿಟ್ಟುಹೋದವನು ಬೇಡವೆಂದು ಪೌಲನು ಹೇಳಿದನು. ಈ ವಾಗ್ವಾದದಿಂದ ಅವರಿಬ್ಬರೂ ಬೇರೆಯಾದರೆಂದು 15ನೆಯ ಅಧ್ಯಾಯವು ತಿಳಿಸುತ್ತದೆ.

ಮಾರ್ಕನ ಸ್ಥಿತಿಯನ್ನು ಆಲೋಚಿಸಿರಿ. ಅವನ ನಿಮಿತ್ತ ಇಬ್ಬರು ದೇವಸೇವಕರು ಅಗಲಿದರು; ಮಹಾ ಅಪೊಸ್ತಲನೇ ಅವನನ್ನು ನಂಬಲಿಲ್ಲ. ಮನೆಯಲ್ಲಿ ಕೂತುಕೊಳ್ಳಲು ಇದಕ್ಕಿಂತ ದೊಡ್ಡ ನೆವ ಬೇಕೋ? ಆದರೂ ಅವನು ಬಾರ್ನಬನೊಡನೆ ಕುಪ್ರಕ್ಕೆ ಹಡಗು ಹತ್ತಿದನು. ಮನುಷ್ಯರ ನಂಬಿಕೆಯು ಒಂದೇ ದಿನದಲ್ಲಿ ತಿರಿಗಿ ಬಾರದು. ಅದು ಬರುವ ತನಕ ವಿಧೇಯತೆಯು ಕಾದು ಕೂಡಲೂ ಬಾರದು. ವರುಷಗಳು ಕಳೆದ ಮೇಲೆ ಅದೇ ಪೌಲನು ಮಾರ್ಕನನ್ನು ಸೇರಿಸಿಕೊಳ್ಳಬೇಕೆಂದು ಕೊಲೊಸ್ಸೆಯವರಿಗೂ, ಸೇವೆಗೆ ಉಪಯುಕ್ತನಾದ ಅವನನ್ನು ಕರತರಬೇಕೆಂದು ತಿಮೊಥೆಯನಿಗೂ ಬರೆದನು.

ಪೇತ್ರನ ಬೋಧನೆಯನ್ನು ಕೇಳಿ ಎರಡನೆಯ ಸುವಾರ್ತೆಯನ್ನು ಬರೆದವನು ಈ ಮಾರ್ಕನೇ ಎಂಬುದು ಪುರಾತನ ಸಭೆಯ ಸಂಪ್ರದಾಯ. ಪೇತ್ರನೂ ಬಿದ್ದು ಎದ್ದವನೇ. ಆ ಸುವಾರ್ತೆಯು ಅವನು ಕರ್ತನನ್ನು ಅಲ್ಲಗಳೆದದ್ದನ್ನು ಮುಚ್ಚಿಡುವದಿಲ್ಲ. ಆದರೆ ಬರಿದಾದ ಸಮಾಧಿಯಲ್ಲಿ ಸ್ತ್ರೀಯರಿಗೆ ಆದ ಅಪ್ಪಣೆಯಲ್ಲಿ ಶಿಷ್ಯರ ಸಂಗಡ ಪೇತ್ರನ ಹೆಸರನ್ನು ಪ್ರತ್ಯೇಕವಾಗಿ ಹೇಳುವದು ನಾಲ್ಕು ಸುವಾರ್ತೆಗಳಲ್ಲಿ ಇದೊಂದೇ.

ಹಾಗಾದರೆ ಯೋಗ್ಯನಲ್ಲವೆಂಬ ಮಾತು ಸುಳ್ಳೋ? ಅಲ್ಲ, ಅದು ಸತ್ಯವೇ. ಆದರೆ ಮೊದಲು ಕರೆಯಲ್ಪಟ್ಟಾಗ ನಾವು ಯೋಗ್ಯರಾಗಿದ್ದೆವೋ? ಆಗ ಕೃಪೆಯಿಂದ ಬಂದ ಕರೆಯು ಈಗ ಯೋಗ್ಯತೆಯನ್ನು ಕೇಳುವದೆಂದು ನೆನಸುವವನು, ಮೊದಲನೆಯದನ್ನೂ ತನ್ನ ಯೋಗ್ಯತೆಯಿಂದಲೇ ಸಂಪಾದಿಸಿದೆನೆಂದು ಒಳಗೆ ಎಣಿಸಿಕೊಂಡಿರುವನು. ಇದು ಗರ್ವವಲ್ಲದೆ ದೀನತೆಯಲ್ಲ.

ಮೊದಲನೆಯ ಮಳೆಗೆ ಬಿತ್ತಿದ ಬೀಜವು ಕೆಟ್ಟರೆ ಒಕ್ಕಲಿಗನು ಹೊಲವನ್ನು ಬೀಳು ಬಿಡುವನೋ? ಕುಂಟೆ ಹೊಡೆದು ಮತ್ತೆ ಬಿತ್ತುವನು. ಕುಂಟೆ ಹೊಡೆಯದೆ ಬಿತ್ತುವದೂ ವ್ಯರ್ಥ. ಆದಕಾರಣ ಬಿದ್ದವನು ಪಾಪವನ್ನು ಅರಿಕೆಮಾಡಲಿ; ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡಲಿ; ಹಿರಿಯರ ಶಿಕ್ಷಣೆಯನ್ನು ತಾಳಿಕೊಳ್ಳಲಿ; ರೋಗಿಯನ್ನು ನೋಡುವದಾಗಲಿ ದೇವಾಲಯವನ್ನು ಗುಡಿಸುವದಾಗಲಿ, ಕೈಗೆ ಬಂದ ಚಿಕ್ಕ ಕೆಲಸವನ್ನು ನಂಬಿಕೆಯಿಂದ ಮಾಡಲಿ.

ನಿಂತಿರುವವರೇ, ನಿಮಗೂ ಒಂದು ಮಾತು. ಬಾರ್ನಬನು ಮಾರ್ಕನ ಕೈಬಿಟ್ಟಿದ್ದರೆ ಪೌಲನ ಮುಪ್ಪಿನಲ್ಲಿ ಅವನಿಗೆ ಆ ಸಹಾಯಕನು ಎಲ್ಲಿಂದ ದೊರೆಯುತ್ತಿದ್ದನು? ನಿಮ್ಮ ಬೀದಿಯಲ್ಲಿ ತಲೆ ತಗ್ಗಿಸಿ ಹೋಗುವ ಸಹೋದರನನ್ನು ಬರುವ ಭಾನುವಾರ ನೀವೇ ಹೋಗಿ ಕರೆಯಿರಿ. ಬಿದ್ದವರನ್ನು ಎತ್ತುವ ಕರ್ತನು ನಮ್ಮೆಲ್ಲರನ್ನೂ ವಿಧೇಯತೆಯಲ್ಲಿ ನಡಿಸಲಿ.